ಪೇಟಿಯ ಉಸಿರು

ನಮ್ಮ ಮನೆಯ ಪಡಸಾಲೆಯಲ್ಲಿ ಎರಡು ಪೇಟಿಗಳಿರುವವು. ಒಂದು ನಮ್ಮ ಕಾಕಾ ಅವರದು. ತೇಗದ ಮೈ, ಹಳದಿಗೆ ತಿರುಗಿದ ಬಿಳಿಯ ಮಣೆಗಳು, ಎರಡು ಕಡೆಗೆ ತೇಪೆ ಹಾಕಿದ ತಿದಿ. ಇನ್ನೊಂದು ನನ್ನ ತಮ್ಮನ ಮಗನದು. ಕರಿಯ ಮೈ, ನಡುವೆ ಬೆಳಗುವ ಗಾಜಿನ ಫಲಕ, ಹಿಂದೆ ವಿದ್ಯುತ್ತಿನ ಬಾಲ. ಮೊದಲನೆಯದನ್ನು ಇಂಡಿಯ ಸೀಮೆಯಲ್ಲಿ ಯಾರೂ ಹಾರ್ಮೋನಿಯಂ ಎಂದು ಕರೆಯುವದಿಲ್ಲ, ಪೇಟಿಯೆಂದರೆ ಅದೇ. ಎರಡನೆಯದಕ್ಕೆ ಹುಡುಗರು ಕೀಬೋರ್ಡು ಎನ್ನುವರು. ಕಾಕಾ ಅವರು ಮಾತ್ರ ಅದನ್ನು 'ಕರೆಂಟಿನ ಪೇಟಿ' ಎಂದು ಕರೆದು, ಹಾಗೆ ಕರೆಯುವಾಗ ಮೂಗನ್ನು ಸ್ವಲ್ಪ ಮೇಲಕ್ಕೆತ್ತುವರು. ಈ ಎರಡು ಪೇಟಿಗಳ ನಡುವಿನ ವ್ಯಾಜ್ಯವು ನಮ್ಮ ಮನೆಯಲ್ಲಿ ಎಷ್ಟೋ ವರ್ಷಗಳಿಂದ ನಡೆದಿರುವದು. ಅದರಲ್ಲಿ ನಾನು ಮೊದಮೊದಲು ಪಂಚನಾಗಿದ್ದೆ, ಆಮೇಲೆ ಅಪರಾಧಿಯಾದೆ. ಆ ಕಥೆಯನ್ನು ವಾಚಕರ ಮುಂದಿಡಬೇಕೆಂಬುದೇ ಈ ಬರಹದ ಉದ್ದೇಶ.

ಕಾಕಾ ಅವರು ತಾರುಣ್ಯದಲ್ಲಿ ನಾಟಕ ಕಂಪನಿಗಳ ಪೇಟಿ ಮಾಸ್ತರರಾಗಿದ್ದವರು. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಗೆ ಪೇಟಿ ಹಿಡಿದ ರಾತ್ರಿಗಳನ್ನು ಅವರು ಇಂದಿಗೂ ಬೆರಳು ಮಡಚಿ ಎಣಿಸುವರು. ವಿಜಯಪುರದ ರಂಗಮಂದಿರದ ಮೇಲೆ ಆ ನಾಟಕಕಾರರ ಹೆಸರು ಕಂಡಾಗಲೆಲ್ಲ ಕೈಮುಗಿಯುವರು. ಕಂಪನಿಯ ಪೇಟಿ ಮಾಸ್ತರನೆಂದರೆ ಬರಿಯ ವಾದಕನಲ್ಲ. ಪಾತ್ರಧಾರಿಯು ಮಾತು ಮರೆತರೆ ಅವನಿಗೆ ನೆನಪಾಗುವ ವರೆಗೆ ಸ್ವರವನ್ನು ಎಳೆದು ನಿಲ್ಲಿಸತಕ್ಕವನು ಅವನೇ. ನಾಯಕಿಗೆ ನೆಗಡಿಯಾಗಿದ್ದರೆ ಒಂದು ಮನೆ ಕೆಳಗಿಳಿಸಿ ಹಿಡಿಯತಕ್ಕವನೂ ಅವನೇ. "ಹಾಡಾವ್ರ ಉಸರಿನ ಮ್ಯಾಲೆ ಒಂದ ಕಣ್ಣ ಇಡಬೇಕೋ ತಮ್ಮಾ, ಅವರ ಉಸರ ಮುಗಿಯೂ ಮುಂದ ನಿನ್ನ ತಿದಿ ಚಾಲೂ ಆಗಬೇಕು" ಎಂಬುದು ಅವರ ವಿದ್ಯೆಯ ಸಾರ.

ಆದರೆ ಕಾಕಾ ಅವರು ಯಾವ ಪೇಟಿಯನ್ನು 'ನಮ್ಮದು' ಎಂದು ಎದೆಗವಚಿಕೊಂಡಿರುವರೋ, ಅದರ ಹುಟ್ಟು ಪ್ಯಾರಿಸ್ ನಗರದಲ್ಲಿ ಆದದ್ದು. ಅಲೆಕ್ಸಾಂಡ್ರ ದೆಬೆನ್ ಎಂಬವನು 1842ರಲ್ಲಿ ಅಲ್ಲಿ ಅದರ ಹಕ್ಕುಪತ್ರ ಪಡೆದನು. ಕಾಲಿನಿಂದ ತುಳಿದು ಗಾಳಿ ತುಂಬುವ ಆ ವಾದ್ಯವನ್ನು, ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ಬಾರಿಸುವಂತೆ 1880ರ ದಶಕದಲ್ಲಿ ಮಾರ್ಪಡಿಸಿದವರು ಕಲಕತ್ತೆಯ ದ್ವಾರಕಾನಾಥ ಘೋಷರು. ನಮ್ಮವರ ಬೆನ್ನಿಗೂ ಚಾಪೆಗೂ ಒಗ್ಗಿದ ಮೇಲೆ ಅದು ಭಜನೆಗೆ ಬಂತು, ಪಾರಿಜಾತಕ್ಕೆ ಬಂತು, ಮಠಕ್ಕೂ ಬಂತು. ಹೀಗಿದ್ದರೂ 1940ರ ಮಾರ್ಚ ತಿಂಗಳಲ್ಲಿ ಆಕಾಶವಾಣಿಯವರು ಅದಕ್ಕೆ ಬಾಗಿಲು ಮುಚ್ಚಿದರು. ಅದರ ಮೇಲಿನ ಆರೋಪಗಳೇನು? ಅದು ಪರದೇಶದ್ದು, ಅದರ ಸ್ವರಗಳು ಗೂಟಕ್ಕೆ ಕಟ್ಟಿದ ಎತ್ತುಗಳಂತೆ ನಿಂತಲ್ಲೇ ನಿಲ್ಲುವವು, ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಮೀಂಡು ಅದಕ್ಕೆ ಸಾಧ್ಯವಿಲ್ಲ, ಅದರ ಗಂಧಾರವು ನಮ್ಮ ಗಂಧಾರವಲ್ಲ. ಕೊನೆಯ ಮಾತು ಲೆಕ್ಕದಿಂದಲೂ ನಿಜವೇ. ಸಪ್ತಕವನ್ನು 1200 ಅಂಶಗಳಾಗಿ ಎಣಿಸಿದರೆ ತಂಬೂರಿಯೊಡನೆ ಬೆರೆಯುವ ಶುದ್ಧ ಗಂಧಾರವು ಸುಮಾರು 386ನೆಯ ಅಂಶದಲ್ಲಿ ಬರುವದು. ಹನ್ನೆರಡು ಸಮಪಾಲು ಮಾಡಿದ ಪೇಟಿಯಲ್ಲಿ ಅದು 400ರಲ್ಲಿ ಕುಳಿತಿರುವದು. 1971ರಲ್ಲಿ ಆ ನಿಷೇಧವು ಸಡಿಲಾಯಿತು. ಅಷ್ಟರಲ್ಲಿ ಪೇಟಿಯಿಲ್ಲದ ಭಜನೆಯೇ ನಮ್ಮ ಹಳ್ಳಿಗಳಲ್ಲಿ ಉಳಿದಿರಲಿಲ್ಲ. ಬೆಳಗಾವಿಯ ರಾಮಭಾವು ವಿಜಾಪುರೆಯವರಂಥವರು (1917–2010) ಆ ಗೂಟಕ್ಕೆ ಕಟ್ಟಿದ ಎತ್ತುಗಳಿಂದಲೇ ಎಂಥ ಬೇಸಾಯ ಮಾಡಬಹುದೆಂಬುದನ್ನು ತೋರಿಸಿಕೊಟ್ಟಿದ್ದರು.

ಆದುದರಿಂದ ಕಾಕಾ ಅವರು ಕರೆಂಟಿನ ಪೇಟಿಯನ್ನು ಕುರಿತು "ಪರದೇಶದ್ದು, ಮೀಂಡಿಲ್ಲ, ಜೀವಾ ಇಲ್ಲ" ಎಂದು ಬೈಯುವಾಗ ನನಗೆ ಒಳಗೊಳಗೆ ನಗೆ ಬರುತ್ತಿತ್ತು. ಅತ್ತೆಯಾದವಳು ತಾನು ಸೊಸೆಯಾಗಿದ್ದಾಗ ಕೇಳಿದ ಬೈಗಳನ್ನೇ ತನ್ನ ಸೊಸೆಗೆ ದಾಟಿಸುವಂತೆ ಇದು. ಹಾಗೆ ನೋಡಿದರೆ ಎರಡೂ ಪೇಟಿಗಳು ಒಂದೇ ವಂಶದವು. ಇಂದು ಜಗತ್ತಿನಲ್ಲೆಲ್ಲ ಕೀಬೋರ್ಡು ಮಾರುವ ಯಾಮಾಹಾ ಎಂಬ ಜಪಾನೀ ಕಂಪನಿಯ ಮೂಲಪುರುಷ ತೊರಾಕುಸು ಯಾಮಾಹಾ ಎಂಬವನು 1887ರಲ್ಲಿ ಹಮಾಮಾತ್ಸು ಊರಿನ ಶಾಲೆಯೊಂದರ ಕೆಟ್ಟುಹೋದ ರೀಡು ಆರ್ಗನ್ನನ್ನು ದುರಸ್ತಿ ಮಾಡಿ, ಅದನ್ನು ನೋಡಿ ತಾನೂ ಒಂದನ್ನು ಕಟ್ಟಿದನು. ಕಲಕತ್ತೆಯ ಘೋಷರು ತಿದಿಯನ್ನು ತಿದ್ದಿದ ದಶಕವೂ ಅದೇ. ಈ ಸಂಗತಿಯನ್ನು ನಾನು ಹೇಳಿದಾಗ ಕಾಕಾ ಅವರು ತುಸು ಹೊತ್ತು ಸುಮ್ಮನಿದ್ದು, "ಹಂಗಾರ ಮೊಮ್ಮಗ ಕೆಟ್ಟಾನ ಅನ್ನು" ಎಂದರು.

ಮೊಮ್ಮಗನು ಹೇಗೆ ಬೆಳೆದನೆಂಬುದನ್ನು ಹುಡುಗನು ನನಗೆ ಒಂದು ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಕುಳಿತು ತಿಳಿಸಿ ಹೇಳಿದನು. ಮೊದಲು ಈ ಯಂತ್ರಗಳು ವಿದ್ಯುತ್ತಿನ ಕಂಪನದಿಂದಲೇ ಸ್ವರವನ್ನು ಹುಟ್ಟಿಸುತ್ತಿದ್ದವು. 1980ರಲ್ಲಿ ಕ್ಯಾಸಿಯೋ ಕಂಪನಿಯು ಇಂಥ ಮೊದಲನೆಯ ಪೇಟಿಯನ್ನು ತಂದಾಗ ಅದರ ಕೊಳಲು ಕೊಳಲಿನ ಚಿತ್ರದಂತಿತ್ತೇ ಹೊರತು ಕೊಳಲಿನಂತಿರಲಿಲ್ಲ. ನಿಜವಾದ ವಾದ್ಯದ ದನಿಯನ್ನೇ ಹಿಡಿದಿಟ್ಟು ಮಣೆಯೊತ್ತಿದಾಗ ಬಿಡುವ ಯುಕ್ತಿಯು ಬೇರೆ ದಾರಿಯಿಂದ ಬಂತು. ಇಂಗ್ಲಂಡಿನ ಮೆಲೋಟ್ರಾನ್ ಎಂಬ ವಾದ್ಯದಲ್ಲಿ 1963ರಲ್ಲಿಯೇ ಒಂದೊಂದು ಮಣೆಯ ಕೆಳಗೆ ಒಂದೊಂದು ಧ್ವನಿಸುರುಳಿಯಿತ್ತು. ವಾದಕರ ಸಂಘದವರು ಆಗಲೇ ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ಗಾಬರಿಗೊಂಡಿದ್ದರು. 1979ರಲ್ಲಿ ಆಸ್ಟ್ರೇಲಿಯದ ಫೇರ್‌ಲೈಟ್ ಎಂಬ ಯಂತ್ರವು ಸುರುಳಿಯನ್ನು ಬಿಟ್ಟು ಅಂಕಿಗಳ ರೂಪದಲ್ಲಿ ದನಿಯನ್ನು ಹಿಡಿಯಿತು. ಮುಂದೆ ಸ್ಮರಣಕೋಶವು ಅಗ್ಗವಾದಂತೆ, ಒಂದೇ ಸ್ವರವನ್ನು ಮೆಲ್ಲಗೆ, ನಡುತರ, ಜೋರಾಗಿ ಬಾರಿಸಿ ಬೇರೆ ಬೇರೆ ಹಿಡಿದು, ಬೆರಳಿನ ಪೆಟ್ಟಿಗೆ ತಕ್ಕದ್ದನ್ನು ಹೊರಬಿಡುವದು ಸಾಧ್ಯವಾಯಿತು. 2005ರ ಸುಮಾರಿಗೆ ಯಾಮಾಹಾದವರು ಇನ್ನೊಂದು ಹೆಜ್ಜೆಯಿಟ್ಟರು: ಗಿಟಾರಿನ ತಂತಿಯ ಮೇಲೆ ಬೆರಳು ಜಾರುವ ಸಪ್ಪಳ, ತುತ್ತೂರಿಯವನ ಉಸಿರಿನ ಸದ್ದು ಇವನ್ನೂ ಹಿಡಿದು, ಬಾರಿಸುವವನ ರೀತಿಯನ್ನು ಗುರುತಿಸಿ ನಡುನಡುವೆ ಸೇರಿಸತೊಡಗಿದರು.

"ಇದಕ್ಕ ಅರೇಂಜರ್ ಅಂತಾರ, ದೊಡ್ಡಪ್ಪಾ" ಎಂದು ಅವನು ಎಡಗೈಯನ್ನು ಮಣೆಗಳ ಮೇಲಿಟ್ಟನು. ಎಡಗೈ ಮೂರು ಸ್ವರಗಳನ್ನು ಒತ್ತಿದರೆ ಸಾಕು. ತಬಲಾ, ಢೋಲಕ, ತಂತಿವಾದ್ಯ ಎಲ್ಲವೂ ತಾವಾಗಿಯೇ ಹಿಂದೆ ನಡೆಯುವವು. ಪೇಟಿಯಲ್ಲಿ ಎಡಗೈ ಉಸಿರು ಕೊಡುತ್ತಿತ್ತು. ಇದರಲ್ಲಿ ಎಡಗೈ ಅಪ್ಪಣೆ ಕೊಡುವದು. ಎರಡು ಯುಗಗಳ ಅಂತರವೆಲ್ಲ ಆ ಒಂದು ಕೈಯಲ್ಲಿಯೇ ಇದೆಯೆಂದು ನನಗೆ ಆಗ ಅನಿಸಿತು.

ಇನ್ನು ನನ್ನ ಅಪರಾಧದ ಮಾತು. ನನ್ನ ತಾಯಿಯ ತವರೂರು ಬಸವನ ಬಾಗೇವಾಡಿಯ ಬಳಿಯದೊಂದು ಹಳ್ಳಿ. ಆ ಊರಿನ ಸನಾದಿಯ ಮನೆತನದವರು ನಮ್ಮ ಮನೆಯ ಮೂರು ತಲೆಮಾರಿನ ಮದುವೆಗಳಿಗೆ ಊದಿದವರು. ನನ್ನ ಮದುವೆಯಲ್ಲಿ ಊದಿದಾತನು ಈಗ ಎಪ್ಪತ್ತು ದಾಟಿದ ಮುದುಕ. 2019ರಲ್ಲಿ ನನ್ನ ಹಿರಿಯ ಮಗಳ ಮದುವೆಯನ್ನು ಬೀಗರ ಊರಾದ ಮುದ್ದೇಬಿಹಾಳದಲ್ಲಿ ಮಾಡುವದೆಂದು ಗೊತ್ತಾಯಿತು. ಸನಾದಿಯವರೆಂದರೆ ನಾಲ್ಕು ಜನ; ಅವರ ಬಂಡಿಬಾಡಿಗೆ, ಊಟ, ಪಗಾರ. ಸಿಂದಗಿಯಲ್ಲಿ ಕೀಬೋರ್ಡಿನ ಒಬ್ಬ ತರುಣನು ಎಲ್ಲವನ್ನೂ ಒಬ್ಬನೇ ಮಾಡಿಕೊಡುತ್ತೇನೆಂದನು. ಮಂಗಳಾಷ್ಟಕಕ್ಕೆ ಸನಾದಿ, ಊಟಕ್ಕೆ ಸಿನಿಮಾದ ಹಾಡು, ರಾತ್ರಿಗೆ ಭಜನೆ. ಮಗಳ ಮದುವೆಯ ತಂದೆಯ ಲೆಕ್ಕವನ್ನು ವಾಚಕರು ಬಲ್ಲರು. ನಾನು ಒಪ್ಪಿದೆನು. ಆದರೂ ಸಂಬಂಧವನ್ನು ಬಿಡಲಾರದೆ ಆ ಮುದುಕನಿಗೆ ಲಗ್ನಪತ್ರಿಕೆಯನ್ನು ಕಳಿಸಿದೆನು.

ಅವನು ಬಂದನು. ಕೈಯಲ್ಲಿ ಒಂದು ಕುಬಸದ ಖಣ, ಒಂದು ತೆಂಗಿನಕಾಯಿ. ಮೂರನೆಯ ಸಾಲಿನ ಕುರ್ಚಿಯಲ್ಲಿ ಕುಳಿತನು. ಅಕ್ಷತೆ ಬೀಳುವಾಗ ಕರ್ಣದಿಂದ ಸನಾದಿ ಮೊಳಗಿತು. ಮುದುಕನು ಕುತ್ತಿಗೆಯೆತ್ತಿ ಅತ್ತಿತ್ತ ನೋಡಿ, ಬದಿಯಲ್ಲಿ ನಿಂತಿದ್ದ ನನ್ನನ್ನೇ ಕೇಳಿದನು: "ಯಾರ್ರೀ ಮಾಸ್ತರ, ಊದಾಕತ್ತಾವ್ರು? ಭಾಳ ಛಲೋ ಊದ್ತಾರ. ಆದರ ಉಸರ ತಗೊಳ್ಳೂದ ಕೇಳಸವಲ್ದಲ್ರೀ."

ನಾನು ಬೆರಳು ತೋರಿಸಿದೆನು. ಮುದುಕನು ಆ ತರುಣನ ಕೈಗಳನ್ನು ಬಹಳ ಹೊತ್ತು ನೋಡಿದನು. ಮುಖದಲ್ಲಿ ಸಿಟ್ಟಿರಲಿಲ್ಲ. ಊಟ ಮಾಡಿ, ಮಗಳಿಗೆ ಆಯೇರಿ ಮಾಡಿ, ಕೈಮುಗಿದು ಬಸ್ಸಿಗೆ ಹೋದನು. ಅವನು ಬೈದಿದ್ದರೆ ಆ ದಿನವೇ ಮರೆಯುತ್ತಿದ್ದೆನೋ ಏನೋ. ಆ ಖಣದ ಬಟ್ಟೆಯು ಬಹಳ ದಿನಗಳ ವರೆಗೆ ನನ್ನ ಕಣ್ಣಿನಲ್ಲಿ ಚುಚ್ಚುತ್ತಿತ್ತು.

ಯಂತ್ರವು ಕೆಟ್ಟದ್ದೆಂದು ಹೇಳಿ ನನ್ನ ಹೊಣೆಯನ್ನು ಅದರ ತಲೆಗೆ ಕಟ್ಟಲಿಕ್ಕೆ ನನಗೆ ಮನಸ್ಸಿಲ್ಲ. ಬೆಂಗಳೂರಿನ ರಾಡೆಲ್ ಸಂಸ್ಥೆಯ ರಾಜನಾರಾಯಣರು 1979ರ ಸುಮಾರಿಗೆ ವಿದ್ಯುತ್ತಿನ ಶ್ರುತಿಪೆಟ್ಟಿಗೆಯನ್ನು ಮಾಡಿದಾಗ ಅವರು ಸ್ವತಃ ಕೊಳಲು ನುಡಿಸುವವರಾಗಿದ್ದರು. ತಂಬೂರಿ ಮೀಟಲು ಜನವಿಲ್ಲದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಅಂಥ ಪೆಟ್ಟಿಗೆಗಳ ಆಸರೆಯಿಂದ ಸಾಧನೆ ಮಾಡಿರುವರು. ನನ್ನ ಎರಡನೆಯ ಮಗಳೂ ಅವರಲ್ಲಿ ಒಬ್ಬಳು. ಇನ್ನು ತಂಬೂರಿಯೇ ಸಾಮಾನ್ಯ ವಾದ್ಯವಲ್ಲ. ಅದರ ಕುದುರೆಯ ಮೇಲೆ ತಂತಿಯು ಸವರಿಕೊಂಡು ನಡುಗುವದರಿಂದ, ಉಳಿದ ತಂತಿವಾದ್ಯಗಳಲ್ಲಿ ಅಡಗಿಹೋಗಬೇಕಾದ ಮೇಲುಸ್ವರಗಳೂ ಇದರಲ್ಲಿ ಎದ್ದು ಬರುವವೆಂದು ಸರ್ ಸಿ. ವಿ. ರಾಮನ್ನರು 1921ರಲ್ಲಿ ತೋರಿಸಿದರು. ತಬಲಾ ಮೃದಂಗಗಳ ನಡುವಿನ ಕರಿಯು ಬರಿಯ ಚರ್ಮದ ಒಡಕು ಸಪ್ಪಳವನ್ನು ಶ್ರುತಿಗೆ ತರುವ ಬಗೆಯನ್ನು ಅವರು ಅದಕ್ಕೂ ಒಂದು ವರ್ಷ ಮೊದಲೇ ಬರೆದಿದ್ದರು. ಹೆಸರಿಲ್ಲದ ನಮ್ಮ ಹಳೆಯ ಕುಶಲಿಗಳು ಕೈಯಿಂದ ಕಂಡುಕೊಂಡದ್ದನ್ನು ವಿಜ್ಞಾನವು ಆಮೇಲೆ ಲೆಕ್ಕದಿಂದ ಕಂಡುಕೊಂಡಿತು. ಆ ಲೆಕ್ಕವು ಯಂತ್ರಕ್ಕೂ ಬಂದರೆ ಅದರಲ್ಲಿ ಪಾಪವೇನಿದೆ?

ಈ ವಿಚಾರವು ನನ್ನ ತಲೆಯಲ್ಲಿ ಹೊಯ್ದಾಡುತ್ತಿರುವಾಗಲೇ ನಮ್ಮ ಹುಡುಗನು ಒಂದು ಹೊಸ ಹಂಚಿಕೆ ತಂದನು. ಅವನ ಪೇಟಿಯಲ್ಲಿ ತಾನೇ ಹಿಡಿದ ದನಿಗಳನ್ನು ತುಂಬುವ ಅನುಕೂಲವಿತ್ತು. "ಪ್ಯಾಟಿಯೊಳಗಿನ ಸನಾದಿ ನಮ್ಮ ಕಡೀದಲ್ಲ, ದೊಡ್ಡಪ್ಪಾ. ಆ ಅಜ್ಜನ ಸನಾದೀನ ಹಿಡೀತೀನಿ" ಎಂದನು. ಹೋದ ವರ್ಷ ಸಂಕ್ರಾಂತಿಯ ಮರುವಾರ ನಾವಿಬ್ಬರೂ ಆ ಹಳ್ಳಿಗೆ ಹೋದೆವು. ಬಿಳಿಜೋಳವು ತೆನೆಗಟ್ಟಿ ನಿಂತಿತ್ತು. ಮುದುಕನು ಮೊದಲು ನಕ್ಕನು, ಆಮೇಲೆ ಒಪ್ಪಿದನು. ಗುಬ್ಬಿಗಳ ಸದ್ದು ಬರಬಾರದೆಂದು ಜೋಳದ ಚೀಲಗಳನ್ನು ಒಟ್ಟಿದ ಒಳಕೋಣೆಯಲ್ಲಿ ಧ್ವನಿಗ್ರಾಹಕವನ್ನು ನಿಲ್ಲಿಸಿದೆವು.

"ಅಜ್ಜಾರ, ಒಂದೊಂದ ಸ್ವರ ಬ್ಯಾರೆ ಬ್ಯಾರೆ ಊದ್ರಿ. ಈಗ ಬರೇ ಗಂಧಾರ."

ಮುದುಕನು ಸನಾದಿಯನ್ನು ತುಟಿಯ ವರೆಗೆ ಒಯ್ದು ಕೆಳಗಿಳಿಸಿದನು. "ಬರೇ ಗಂಧಾರ ಅಂದ್ರ ಹ್ಯಾಂಗೋ ತಮ್ಮಾ? ಅದು ಎಲ್ಲಿಂದ ಬರಬೇಕು? ಎಲ್ಲಿಗಿ ಹೋಗಬೇಕು?"

ಆ ಕೋಣೆಯಲ್ಲಿ ಆಗ ಕೇಳಿದ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಯನ್ನು ನಾನು ಸಂಗೀತದ ಯಾವ ಗ್ರಂಥದಲ್ಲಿಯೂ ಓದಿಲ್ಲ. ಮಣೆಯ ವಾದ್ಯಕ್ಕೆ ಸ್ವರವೆಂದರೆ ಒಂದು ಮನೆ. ಸನಾದಿಗೆ ಸ್ವರವೆಂದರೆ ಒಂದು ಹಾದಿ. ಷಡ್ಜದಿಂದ ಏರಿ ಬಂದ ಗಂಧಾರ ಬೇರೆ, ಮಧ್ಯಮದಿಂದ ಜಾರಿ ಬಂದ ಗಂಧಾರ ಬೇರೆ. ಹುಡುಗನು ಜಾಣ; ಕೂಡಲೇ ಅರಿತುಕೊಂಡನು. ಒಂದೊಂದು ಸ್ವರದಿಂದ ಉಳಿದ ಹನ್ನೊಂದಕ್ಕೂ ಹೋಗುವ ಹಾದಿಗಳನ್ನು ಹಿಡಿಯುವದೆಂದು ಲೆಕ್ಕ ಹಾಕಿದನು: 132. ಅವನ್ನು ನಿಧಾನ ಮತ್ತು ಬೇಗ, ಮೆಲ್ಲಗೆ ಮತ್ತು ಜೋರು ಎಂದು ನಾಲ್ಕು ಬಗೆಯಾಗಿ ಊದಿದರೆ 528. ಎರಡು ದಿನ ಊದಿ ಮುದುಕನ ಗಲ್ಲಗಳು ಸೋತವು. ಮುನ್ನೂರರ ಆಸುಪಾಸಿಗೆ ನಿಲ್ಲಿಸಿದೆವು.

ಮೂರನೆಯ ದಿನ ಹುಡುಗನು ಎಲ್ಲವನ್ನೂ ಹೊಂದಿಸಿ ಒಂದು ಆಲಾಪವನ್ನು ಬಾರಿಸಿದನು. ಸುಳ್ಳು ಹೇಳಲಾರೆ, ನನ್ನ ಮದುವೆಯ ಮುಂಜಾನೆಯ ದನಿಯೇ ಅದು. ಮುದುಕನು ಕಣ್ಣುಮುಚ್ಚಿ ಕೇಳಿ ಹೀಗೆಂದನು: "ದನಿ ನಂದ ಐತಿ. ಖರೆ, ನಾ ಹಿಂಗ ಎಂದೂ ಊದಿಲ್ಲ."

ಇನ್ನು ಮುಂದೇನು? ಯಂತ್ರವು ಇಲ್ಲಿಗೆ ನಿಲ್ಲತಕ್ಕದ್ದಲ್ಲ. ದನಿಯನ್ನು ಹಿಡಿದಿಡುವ ಬದಲು, ಕೊಳವೆಯಲ್ಲಿ ಗಾಳಿಯು ಹೇಗೆ ನಡುಗುವದೆಂಬುದನ್ನೇ ಲೆಕ್ಕಹಾಕಿ ದನಿ ಹುಟ್ಟಿಸುವ ವಾದ್ಯವನ್ನು ಯಾಮಾಹಾದವರು 1994ರಲ್ಲಿಯೇ ತಂದಿದ್ದರು. ಅದರಲ್ಲಿ ಉಸಿರೂದಿ ನುಡಿಸುವ ಅನುಕೂಲವೂ ಇತ್ತು. 2020ರಲ್ಲಿ ಗೂಗಲ್‌ನ ಸಂಶೋಧಕರು, ವಾದಕನೊಬ್ಬನ ಕೆಲವು ನಿಮಿಷಗಳ ವಾದನವನ್ನು ಕೇಳಿಸಿ ಗಣಕಯಂತ್ರಕ್ಕೆ ಆ ವಾದ್ಯದ ಗುಣವನ್ನು ಕಲಿಸಿ, ಮನುಷ್ಯನು ಹಾಡಿದ್ದನ್ನು ಪಿಟೀಲಿನ ದನಿಯಾಗಿ ತಿರುಗಿಸುವ ಮಾರ್ಗವನ್ನು ಪ್ರಕಟಿಸಿದರು. ಅಂದ ಬಳಿಕ 528 ಹಾದಿಗಳನ್ನು ಒಂದೊಂದಾಗಿ ಹಿಡಿಯುವ ಕಷ್ಟವೂ ನಾಳೆ ಇರಲಿಕ್ಕಿಲ್ಲ. 'ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು' ಎಂಬುದನ್ನು ಯಂತ್ರವೇ ಊಹಿಸೀತು.

ಆದರೆ ಯಂತ್ರವು ಯಾರ ಹಾದಿಯನ್ನು ಕಲಿಯುವದೆಂಬುದು ಕೇಳುವವರ ಮೇಲೆ ನಿಂತಿರುವದು. ಅರಬ್ಬೀ ವಾದಕರು ತಮ್ಮ ಅರೆಮನೆಯ ಸ್ವರಗಳಿಲ್ಲದೆ ವಾದ್ಯವು ತಮಗೆ ಬೇಡವೆಂದರು. ಅವರಿಗಾಗಿ ಸ್ವರಗಳನ್ನು ಏರಿಸಿ ಇಳಿಸುವ ಗುಂಡಿಗಳುಳ್ಳ ಬೇರೆಯ ಕೀಬೋರ್ಡುಗಳೇ ಬಂದವು. ನಮ್ಮ ದೇಶಕ್ಕಾಗಿಯೂ ತಬಲಾ, ತಂಬೂರಿಗಳನ್ನು ತುಂಬಿದ ಕೀಬೋರ್ಡುಗಳು ಬಂದಿರುವವು. ಆದರೆ ಗೀಗೀ ಪದದ ದಪ್ಪು ತುಂತುಣಿಗಳಿಗೆ, ಚೌಡಕಿಗೆ, ಕರಡಿಮಜಲಿಗೆ ಅಲ್ಲಿ ಜಾಗವನ್ನು ಕೇಳಿದವರಾರು? ನಮ್ಮ ಹಾಡಿಗೆ ಮೂರು ಸ್ವರಗಳ ಜೋಡಣೆ ಬೇಕಿಲ್ಲ, ಒಂದು ಷಡ್ಜದ ನೆಲ ಸಾಕು ಎಂದು ಆ ಕುಶಲಿಗಳಿಗೆ ತಿಳಿಸಿದವರಾರು? ನಾವು ಕೇಳದಿದ್ದರೆ ಬಂದದ್ದನ್ನೇ ನಮ್ಮದೆಂದು ನಂಬುವ ಮಕ್ಕಳು ಹುಟ್ಟುವರು. 2023ರಲ್ಲಿ ನಮ್ಮ ಇಂಡಿಯ ಲಿಂಬೆಗೆ ಭೌಗೋಲಿಕ ಗುರುತಿನ ಮುದ್ರೆ ದೊರೆಯಿತು. ಲಿಂಬೆಯ ವಾಸನೆಯ ಬಾಟಲಿ ಪಾನಕವು ಅದರ ಮೊದಲೂ ಅಂಗಡಿಯಲ್ಲಿತ್ತು, ಈಗಲೂ ಇದೆ. ಎರಡರ ಭೇದವನ್ನು ಬಲ್ಲ ನಾಲಗೆಯಿರುವ ವರೆಗೆ ಬಾಟಲಿಯಿಂದ ಭಯವಿಲ್ಲ. ಕಿವಿಯ ಮಾತೂ ಹಾಗೆಯೇ.

ಇನ್ನೊಂದು ನೆನಪು. ನಮ್ಮ ಸೀಮೆಯ ಹಲಸಂಗಿಯ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ತಾಯಂದಿರ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚುಹಾಕಿಸಿದರು. ಆ ಮಹದುಪಕಾರದಿಂದ ಮಾತು ಉಳಿಯಿತು. ಹಾಡಿದವರ ದನಿ ಅವರೊಡನೆ ಹೋಯಿತು, ಯಾಕಂದರೆ ಆ ಗೆಳೆಯರ ಕೈಯಲ್ಲಿದ್ದದ್ದು ಲೇಖನಿಯೊಂದೇ. ಇಂದು ಒಬ್ಬ ಹುಡುಗನ ಜೇಬಿನಲ್ಲಿ ದನಿಯನ್ನು ಹಿಡಿಯುವ ಸಾಧನವಿದೆ. ಅದನ್ನು ಬಳಸದಿದ್ದರೆ ತಪ್ಪು ಯಂತ್ರದ್ದಲ್ಲ. ಬಳಸಿ, ದನಿ ಕೊಟ್ಟವನನ್ನು ಮೂರನೆಯ ಸಾಲಿನಲ್ಲಿ ಕೂಡ್ರಿಸಿದರೆ ಆ ತಪ್ಪೂ ಯಂತ್ರದ್ದಲ್ಲ.

ಆ ದಿನ ಹೊರಡುವಾಗ ಹುಡುಗನು, ಹೊಸ ದನಿಗೆ ಪೇಟಿಯಲ್ಲಿ ಒಂದು ಹೆಸರು ಬರೆಯಬೇಕು, ಏನು ಬರೆಯಲಿ ಎಂದು ಕೇಳಿದನು. ನನಗೆ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನ ನೆನಪಾಯಿತು. 1580ರಿಂದ 1627ರ ವರೆಗೆ ಆಳಿದ, 'ಕಿತಾಬ್-ಎ-ನವರಸ' ಬರೆದ ಆ ಸುಲ್ತಾನನು ತನ್ನ ತಂಬೂರಿಗೆ ಮೋತೀಖಾನ ಎಂದು ಹೆಸರಿಟ್ಟು ಮನುಷ್ಯನಂತೆ ಗೌರವಿಸುತ್ತಿದ್ದನು. ಆ ಕಥೆಯನ್ನು ಹೇಳಿ, "ನಿಮ್ಮ ಹೆಸರs ಇಡೋಣ" ಎಂದು ಮುದುಕನಿಗೆ ಹೇಳಿದೆನು. ಅವನು ಸನಾದಿಯನ್ನು ಬಟ್ಟೆಯಲ್ಲಿ ಸುತ್ತುತ್ತ ನಕ್ಕನು.

"ಇಡ್ರಿ ಮಾಸ್ತರ, ಬ್ಯಾಡ ಅನ್ನಂಗಿಲ್ಲ. ಆದರ ಹೆಸರಿಗಿ ಪಗಾರ ಐತೇನ್ರಿ?"

ಹುಡುಗನು ತಲೆ ತಗ್ಗಿಸಿದನು. ಎರಡು ದಿನದ ಪಗಾರವನ್ನು ನಾವು ಕೊಟ್ಟಿದ್ದೆವು; ಆದರೆ ಮುದುಕನು ಕೇಳಿದ್ದು ಆ ಎರಡು ದಿನದ ಮಾತಲ್ಲ. ಆ ದನಿಯು ಇನ್ನು ಮುಂದೆ ಎಷ್ಟು ಮಂಟಪಗಳಲ್ಲಿ ಮೊಳಗೀತು, ಎಷ್ಟು ಮದುವೆಗಳ ಅನ್ನವನ್ನು ಅವನ ಮಕ್ಕಳ ಬಾಯಿಂದ ತಪ್ಪಿಸೀತು ಎಂಬ ಲೆಕ್ಕಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನುಡಿಸಿದ ಕಡೆಯಲ್ಲೆಲ್ಲ ಒಂದು ಪಾಲನ್ನು ತಂದು ಮುಟ್ಟಿಸುವೆನೆಂದು ಹುಡುಗನು ಹೇಳಿದನು; ಈ ವರೆಗೆ ನಾಲ್ಕು ಸಲ ಮುಟ್ಟಿಸಿಯೂ ಇರುವನು. ಜಗತ್ತಿನ ಎಲ್ಲ ಪೇಟಿಯವರೂ ಹಾಗೆ ಮಾಡಿಯಾರೆಂದು ನಾನು ನಂಬಿ ಕೂಡುವಷ್ಟು ಸರಳನಲ್ಲ. ಅದಕ್ಕೆ ಕಾಯದೆ ಬೇಕು, ಕೇಳುವ ಬಾಯಿ ಬೇಕು.

ನನ್ನ ಕೈಯಲ್ಲಿದ್ದದ್ದು ಒಂದೇ. ಎರಡನೆಯ ಮಗಳ ಲಗ್ನವು ಬರುವ ವೈಶಾಖದಲ್ಲಿ ಇಂಡಿಯಲ್ಲಿಯೇ ಗೊತ್ತಾಗಿರುವದು. ಹೋದ ಸೋಮವಾರ ನಾನು ಆ ಹಳ್ಳಿಗೆ ಹೋಗಿ, ಹಿರಿಯರ ಕಾಲದ ಪದ್ಧತಿಯಂತೆ ಎಲೆಯಡಿಕೆಯನ್ನೂ ಮುಂಗಡ ರೂಪಾಯಿಯನ್ನೂ ಕೊಟ್ಟು ಬಂದೆನು. ನಾಲ್ವರೂ ಬರುವರು. ಕಾಕಾ ಅವರು ಕೇಳಿ ಸಂತೋಷಪಟ್ಟು, ಭಜನೆಗೆ ತಮ್ಮ ಪೇಟಿಯ ತಿದಿಗೆ ಮೂರನೆಯ ತೇಪೆ ಹಾಕಿಸಬೇಕೆಂದರು. ಕರೆಂಟಿನ ಪೇಟಿಗೆ ಊಟದ ಹೊತ್ತಿನ ಹಾಡುಗಳನ್ನು ಬಿಟ್ಟುಕೊಟ್ಟಿರುವರು.